ಹನ್ನೊಂದಾದರೂ ಪುಸ್ತಕ ತೆರೆದಿಲ್ಲ!

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿರುವ, ಅದೂ ಪಠ್ಯಪುಸ್ತಕ ಪಕ್ಕಕ್ಕಿಟ್ಟು ಕಥೆ, ಜೀವನಚರಿತ್ರೆ, ಪ್ರವಾಸಕಥನಗಳನ್ನು ಹಿಡಿದು ಕೂತಿರುವ ಅಪ್ಪ ಅಮ್ಮಂದಿರ ಪತ್ರಗಳಿಗೆ ಈ ಸಲದ ಅಂಕಣ. ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದೇ ಗೋಳು.

ಪ್ರಶ್ನೆ: ಮೇಡಂ, ನನಗೆ ಮೂವರು ಮಕ್ಕಳು. ದೊಡ್ಡವಳಿಗೆ ಒಂಬತ್ತು, ನಡುವಿನವನಿಗೆ ಆರು, ಚಿಕ್ಕವನಿಗೆ ಎರಡು. ಸೋಮವಾರ ಹುರುಪಿನಿಂದ ಟೈಂಟೇಬಲ್ ಬರೆದು ಗೋಡೆಗೆ ಅಂಟಿಸುತ್ತೇನೆ. ಬುಧವಾರದ ಹೊತ್ತಿಗೆ ಅದು ನನ್ನನ್ನೇ ಅಣಕಿಸುತ್ತಿರುತ್ತದೆ. ಪಾತ್ರೆ, ಬಟ್ಟೆ, ಚಿಕ್ಕವನ ರಗಳೆ ಎಲ್ಲ ಮುಗಿಯುವಷ್ಟರಲ್ಲಿ ಹನ್ನೊಂದು. ಪುಸ್ತಕ ತೆರೆದೇ ಇರುವುದಿಲ್ಲ. ನಿರಾಳವಾಗಿ ಓದಿಸೋಣ ಎಂದು ಶುರು ಮಾಡಿದವಳು ಈಗ ದಿನವಿಡೀ ಕೂಗಾಡುತ್ತಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಪತ್ರದ ಜತೆ ಟೈಂಟೇಬಲ್ ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಒಂಬತ್ತರಿಂದ ಹನ್ನೆರಡೂವರೆಯೊಳಗೆ ಏಳು ಪೀರಿಯಡ್! ಶಾಲೆ ಬೇಡವೆಂದು ಬಿಟ್ಟು ಬಂದವರು ಅದರ ಗಂಟೆಯನ್ನು ಮಾತ್ರ ಹೊತ್ತು ತಂದಿದ್ದೀರಿ. ಅಷ್ಟೊಂದು ಮಕ್ಕಳು, ಅಷ್ಟೊಂದು ಮೇಷ್ಟ್ರುಗಳನ್ನು ಒಂದೇ ಕಟ್ಟಡದಲ್ಲಿ ಹೊಂದಿಸಬೇಕಲ್ಲ, ಅದಕ್ಕೆ ಅಲ್ಲಿ ಪೀರಿಯಡ್ ಬೇಕು. ನಿಮ್ಮ ಮನೆಯಲ್ಲಿ ಹಾಜರಿ ಕೂಗುವುದಿಲ್ಲ, ಮೂವತ್ತು ನೋಟ್‌ಬುಕ್ ತಿದ್ದುವುದಿಲ್ಲ. ಆ ಹೊತ್ತೆಲ್ಲ ಉಳಿಯುತ್ತದೆ.

ಪುಸ್ತಕಗಳ ಮೂಲಕ ಕಲಿಸುವವರೆಲ್ಲ ಇವತ್ತಿಗೂ ನೆನೆಯುವ ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ (1842–1923) ಆರು ವರ್ಷ ತುಂಬುವವರೆಗೆ ಕೂರಿಸಿ ಪಾಠ ಮಾಡುವುದೇ ಬೇಡ ಎಂದವರು. ಆಮೇಲೂ ಚಿಕ್ಕವರಿಗೆ ಒಂದು ಪಾಠ 20 ನಿಮಿಷ ಮೀರಕೂಡದು. ಅವರ ಪದ್ಧತಿಯಲ್ಲಿ ಚಿಕ್ಕ ತರಗತಿಯ ಮಕ್ಕಳಿಗೆ ದಿನದ ಪಾಠವೆಲ್ಲ ಸೇರಿ ಬೆಳಗಿನ ಎರಡೂವರೆ ಗಂಟೆ. ಮಧ್ಯಾಹ್ನವಾದರೆ ಬಯಲಿಗೆ. ಹಾಗೆಂದು ಅವರ ಎಲ್ಲ ಮಾತಿಗೂ ತಲೆಯಾಡಿಸುವವಳಲ್ಲ ನಾನು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ತೆರೆದ ಪುಸ್ತಕದ ಮೇಲೆ ಎರಡು ವರ್ಷದ ಕೂಸು ಲೋಟದ ನೀರು ಬಗ್ಗಿಸುವುದು ಅವರ ಲೆಕ್ಕಕ್ಕೆ ಬಂದಂತಿಲ್ಲ.

ಈಗ ನಿಮ್ಮ ಬೆಳಗ್ಗೆ. ಗಡಿಯಾರ ನೋಡಿ ಶುರು ಮಾಡುವುದನ್ನು ಬಿಡಿ. ಹೇಗಿದ್ದರೂ ದಿನಾ ನಡೆಯುವ ಒಂದು ಕೆಲಸಕ್ಕೆ ಓದನ್ನು ಗಂಟು ಹಾಕಿ. ನಾನು ಹೇಳುವುದು ತಿಂಡಿಯ ಹೊತ್ತು. ನೀವು ಬೇಗ ತಿಂದು, ಮಕ್ಕಳ ತಟ್ಟೆಯಲ್ಲಿ ಇನ್ನೂ ಅರ್ಧ ಇರುವಾಗಲೇ ಪುಸ್ತಕ ತೆರೆಯಿರಿ. ಬಾಯಲ್ಲಿ ತುತ್ತಿದ್ದಾಗ ಮೂವರೂ ಸುಮ್ಮನಿರುತ್ತಾರೆ, ಚಿಕ್ಕವನು ಕುರ್ಚಿಯಲ್ಲಿ ಸಿಕ್ಕಿಕೊಂಡಿರುತ್ತಾನೆ. ಅಲ್ಲಿಗೆ 20 ನಿಮಿಷ ದಕ್ಕಿತು. ತಟ್ಟೆ ಎತ್ತಿದ ಮೇಲೆ ಓದೋಣ ಎಂದುಕೊಂಡಿರೋ, ಕೆಟ್ಟಿತು. ತಟ್ಟೆಯ ಹಿಂದೆ ಸಿಂಕು, ಸಿಂಕಿನ ಹಿಂದೆ ಬಟ್ಟೆ, ಬಟ್ಟೆಯ ಹಿಂದೆ ಫೋನು. ನಿಮ್ಮ ಹನ್ನೊಂದು ಗಂಟೆ ಬರುವುದೇ ಆ ದಾರಿಯಲ್ಲಿ.

ದೊಡ್ಡವರಿಬ್ಬರಿಗೂ ಒಂದೇ ಪುಸ್ತಕ ಸಾಕು. ಒಂಬತ್ತರವಳ ಮಟ್ಟಕ್ಕೆ ಆರಿಸಿ. ಆರರವನು ತನಗೆ ಎಟುಕಿದ್ದನ್ನು ಹಿಡಿದುಕೊಳ್ಳುತ್ತಾನೆ, ಉಳಿದದ್ದು ತಲೆಯ ಮೇಲಿಂದ ಹೋದರೆ ಹೋಗಲಿ. ಇತಿಹಾಸ, ವಿಜ್ಞಾನ, ಕಥೆ, ಪದ್ಯ ಎಲ್ಲವನ್ನೂ ಹೀಗೆ ಒಟ್ಟಿಗೇ ಕೂರಿಸಿ ಮುಗಿಸಬಹುದು. ಅಕ್ಷರ, ಬರವಣಿಗೆ, ಗಣಿತ ಮೂರನ್ನು ಮಾತ್ರ ಒಬ್ಬೊಬ್ಬರಿಗೆ ಬೇರೆ ಬೇರೆ ಮಾಡಿಸಬೇಕು. ಚಿಕ್ಕವನು ಮಲಗಿದಾಗ ಮಗಳ ಗಣಿತ, ಅವನು ಎದ್ದು ಅಕ್ಕನ ಹಿಂದೆ ಓಡಾಡುವಾಗ ತಮ್ಮನ ಅಕ್ಷರ.

ಎರಡು ವರ್ಷದವನನ್ನು ಸುಮ್ಮನೆ ಕೂರಿಸುವ ಆಸೆ ಇಟ್ಟುಕೊಳ್ಳಬೇಡಿ. ದಿನದ ಮೊದಲ ಹತ್ತು ನಿಮಿಷ ಅವನಿಗೇ ಕೊಡಿ: ತೊಡೆಯ ಮೇಲೆ ಕೂರಿಸಿಕೊಂಡು ಅವನ ಚಿತ್ರಪುಸ್ತಕ. ಅಮ್ಮ ಸಿಕ್ಕಳು ಎಂದಾದ ಮೇಲೆ ಅವನೇ ಇಳಿದು ಹೋಗುತ್ತಾನೆ. ಕೊನೆಗೆ ಇಟ್ಟರೆ ಬೆಳಗ್ಗೆ ಪೂರ್ತಿ ನಿಮ್ಮ ಸೆರಗು ಎಳೆಯುತ್ತಲೇ ಇರುತ್ತಾನೆ. ಒಂದು ಡಬ್ಬಿಯೂ ಇರಲಿ, ಮುಚ್ಚಳ, ದೊಡ್ಡ ಗುಂಡಿ, ಬಟ್ಟೆ ಕ್ಲಿಪ್ಪು ಏನಾದರೂ ತುಂಬಿ. ಓದುವಾಗ ಮಾತ್ರ ಅದು ಅಟ್ಟದಿಂದ ಇಳಿಯಬೇಕು. (ಬಾಯಿಗೆ ಹಾಕಿಕೊಳ್ಳುವಷ್ಟು ಚಿಕ್ಕದು ಯಾವುದೂ ಬೇಡ.)

ಮನೆಗೆಲಸ ಮುಗಿಸಿ ಪಾಠ ಎಂಬ ಲೆಕ್ಕವನ್ನೂ ಬಿಡಿ, ಮನೆಗೆಲಸ ಯಾರಿಗೆ ಮುಗಿದಿದೆ? ನೀವು ಓದುವಾಗ ಮಗಳು ಒಗೆದ ಬಟ್ಟೆ ಮಡಚಲಿ, ಮಗ ಕಾಲುಚೀಲ ಜೋಡಿಸಲಿ. ಕೈಗೆ ಕೆಲಸವಿದ್ದಾಗ ಬಹಳ ಮಕ್ಕಳ ಕಿವಿ ಇನ್ನೂ ಚುರುಕಾಗುತ್ತದೆ.

ಕೊನೆಯದಾಗಿ, ಗೋಡೆಯ ಟೈಂಟೇಬಲ್ ಕಿತ್ತುಹಾಕಿ ಒಂದು ನೋಟ್‌ಬುಕ್ ತನ್ನಿ. ನಾಳೆ ಮಾಡಬೇಕಾದ್ದನ್ನು ಅದರಲ್ಲಿ ಬರೆಯಬೇಡಿ. ಇವತ್ತು ಆದದ್ದನ್ನು ರಾತ್ರಿ ಎರಡು ಸಾಲು ಬರೆದಿಡಿ. ನನ್ನ ಹಳೆಯ ಪುಸ್ತಕದ ಒಂದು ಪುಟ ಹೀಗಿದೆ: 'ಮಂಗಳವಾರ. ಹಡಗು ಮುಳುಗುವ ಅಧ್ಯಾಯ. ಕಬ್ಬಿಣದ ಹಡಗು ತೇಲುವುದು ಹೇಗೆ ಎಂದು ಜಗಳ. ಬಕೆಟ್ಟಿನಲ್ಲಿ ಸ್ಟೀಲ್ ಬಟ್ಟಲು ತೇಲಿತು, ಚಮಚ ಮುಳುಗಿತು. ಗಣಿತ ಇಲ್ಲ. ಬಾತ್‌ರೂಮ್ ಒರೆಸಿದ್ದು ನಾನು.' ಒಂದು ದಿನದ ಲೆಕ್ಕ ನೋಡಿದರೆ ಎದೆ ಧಸಕ್ ಎನ್ನುತ್ತದೆ. ಒಂದು ವಾರದ್ದು ನೋಡಿ, ಅಷ್ಟೇನೂ ಕೆಟ್ಟದಾಗಿರುವುದಿಲ್ಲ. ಜ್ವರ, ನೆಂಟರು, ಕರೆಂಟಿಲ್ಲದ ದಿನಗಳಿಗೆ ನಮ್ಮ ಮನೆಯಲ್ಲಿ ಒಂದು ಕನಿಷ್ಠ ಇತ್ತು: ಒಂದು ಓದು, ಕೇಳಿದ್ದನ್ನು ತಿರುಗಿ ಹೇಳುವುದು, 15 ನಿಮಿಷ ಗಣಿತ. ಆ ಮಂಗಳವಾರ ಅದೂ ಆಗಲಿಲ್ಲ ಅನ್ನಿ.

ಪ್ರಶ್ನೆ: ಮೇಡಂ, ನಾನು ಅಪ್ಪ. ಸಂಜೆ ಮನೆಗೆ ಬಂದು ಹತ್ತು ವರ್ಷದ ಮಗನನ್ನು 'ಇವತ್ತು ಏನು ಕಲಿತೆ?' ಎಂದರೆ 'ಏನಿಲ್ಲ' ಅನ್ನುತ್ತಾನೆ. ಹೆಂಡತಿ 'ಎರಡು ಅಧ್ಯಾಯ ಓದಿದೆವು' ಅನ್ನುತ್ತಾಳೆ. ಕಥೆ ಕೇಳುತ್ತ ಕೂತರೆ ಗಣಿತ, ವಿಜ್ಞಾನ ಯಾವಾಗ? ಇದೇ ವಿಷಯಕ್ಕೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತಿದೆ.

ಉತ್ತರ: 'ಏನಿಲ್ಲ' ಎನ್ನುವುದರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಹಿಂದೆ ಬಿದ್ದಿಲ್ಲ. ಪ್ರಶ್ನೆ ಬದಲಿಸಿ ನೋಡಿ. ಯಾವ ಪುಸ್ತಕ ನಡೆಯುತ್ತಿದೆ ಎಂದು ಹೆಂಡತಿಯನ್ನು ಮೊದಲೇ ಕೇಳಿಟ್ಟುಕೊಂಡು, 'ಆ ನಾವಿಕರು ಕೊನೆಗೆ ದಡ ಸೇರಿದರಾ?' ಎನ್ನಿ. ಆಮೇಲೆ ನಿಮಗೆ ಮಾತಾಡಲು ಬಿಡುತ್ತಾನೋ ಇಲ್ಲವೋ ನೋಡಿ.

ಹಾಗೆ ಅವನು ಹೇಳುವುದು ಬರೀ ಹರಟೆಯಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗವೊಂದಿದೆ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ವಾರ ಬಿಟ್ಟು ಕೇಳಿದಾಗ ಲೆಕ್ಕ ತಲೆಕೆಳಗಾಯಿತು, ನೆನಪಿನಿಂದ ಬರೆದವರಲ್ಲೇ ಹೆಚ್ಚು ಉಳಿದಿತ್ತು. ಮಗ ನಿಮ್ಮೆದುರು ಕಥೆ ಹೇಳುವಾಗ ನಡೆಯುವುದೂ ಅದೇ ಬಗೆಯ ಕೆಲಸ. ನಡುನಡುವೆ ತಿದ್ದಲು ಹೋಗಬೇಡಿ, ಹೇಳಿ ಮುಗಿಸಲಿ.

ವಿಜ್ಞಾನದ ಬಗ್ಗೆ ನನಗೆ ಚಿಂತೆಯಿಲ್ಲ. ನಾವಿಕರ ಪುಸ್ತಕವನ್ನೇ ತೆಗೆದುಕೊಳ್ಳಿ. ಎಲ್ಲೋ ಒಂದು ಕಡೆ ವಸಡಿನಲ್ಲಿ ರಕ್ತ ಸೋರಿ, ಹಲ್ಲು ಸಡಿಲವಾಗಿ ಸಾಯುವವರ ಮಾತು ಬಂದೇ ಬರುತ್ತದೆ. ಅದು ಸ್ಕರ್ವಿ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಈ ಕಾಯಿಲೆಯ 12 ನಾವಿಕರನ್ನು ಆರು ಜೋಡಿ ಮಾಡಿ, ಜೋಡಿಗೊಂದು ಮದ್ದು ಕೊಟ್ಟರು: ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ. ಕಿತ್ತಳೆ, ನಿಂಬೆ ತಿಂದ ಜೋಡಿ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡಿತು. ಆದರೂ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡಲು ತೀರ್ಮಾನಿಸಿದ್ದು 1795ರಲ್ಲಿ. 'ಗೊತ್ತಾದ ಮೇಲೂ 48 ವರ್ಷ ಯಾಕೆ ಸುಮ್ಮನಿದ್ದರು?' ಎಂದು ಮಗನನ್ನು ಕೇಳಿ ಊಟಕ್ಕೆ ಕೂರಿ. ಮದ್ದು ಹೋಲಿಸುವುದು ಹೇಗೆ ಎಂಬಲ್ಲಿಂದ ದೊಡ್ಡವರ ಹಟದವರೆಗೂ ಮಾತು ಹೋಗುತ್ತದೆ.

ಗಣಿತದ ಬಗ್ಗೆ ಮಾತ್ರ ನಿಮ್ಮ ಚಿಂತೆ ಸರಿ. ಕಥೆ ಕೇಳಿ ಭಾಗಾಕಾರ ಬರುವುದಿಲ್ಲ. ಅಡುಗೆಮನೆಯ ಅಳತೆಯಲ್ಲೇ ಭಿನ್ನರಾಶಿ ಕಲಿತುಬಿಡುತ್ತಾರೆ ಎಂಬ ಮಾತನ್ನು ನಾನೂ ನಂಬಿದ್ದೆ. ಕಾಲು, ಅರ್ಧ, ಮುಕ್ಕಾಲಿಗೆ ಅದು ಸಾಕಾಯಿತು. ಐದರಲ್ಲಿ ಎರಡಕ್ಕೆ ಏಳರಲ್ಲಿ ಮೂರು ಕೂಡಿಸುವ ದಿನ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದು ಮೆಟ್ಟಿಲ ಮೇಲೆ ಇನ್ನೊಂದು ಕೂರುವ ವಿಷಯವದು. ಕ್ರಮವಾದ ಒಂದು ಪುಸ್ತಕ, ದಿನಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ, ವಾರಕ್ಕೆ ಐದು ದಿನ. ಅದರ ಹೊಣೆ ನೀವೇ ಹೊತ್ತುಕೊಳ್ಳಬಹುದಲ್ಲ? ಮನೆಯಲ್ಲಿನ ಮಾತಿಗೆ ಮಾತೂ ಅರ್ಧ ಇಳಿದೀತು.

ಪ್ರಶ್ನೆ: ಮಗನಿಗೆ ಎಂಟು ತುಂಬಿತು. ಕಥೆ ಎಂದರೆ ಪ್ರಾಣ, ದೊಡ್ಡವರ ಪುಸ್ತಕವನ್ನೂ ಕೂತು ಕೇಳುತ್ತಾನೆ. ತಾನಾಗಿ ಓದಲು ಮಾತ್ರ ಬರುವುದಿಲ್ಲ. 'ಸಮಯ ಬಂದಾಗ ತಾನೇ ಓದುತ್ತಾನೆ, ಒತ್ತಾಯ ಬೇಡ' ಎಂದು ಹೋಮ್‌ಸ್ಕೂಲಿಂಗ್ ಮಾಡುವ ಗೆಳತಿಯರು ಹೇಳುತ್ತಾರೆ. ಇನ್ನೂ ಕಾಯಲೇ?

ಉತ್ತರ: ಕಾಯಬೇಡಿ.

ನಿಮ್ಮ ಗೆಳತಿಯರ ಮಾತು ಐದು ವರ್ಷದ ಮಗುವಿಗಾದರೆ ಒಪ್ಪುತ್ತಿದ್ದೆ. ಓದುವುದರಲ್ಲಿ ಎರಡು ಕೆಲಸ ಸೇರಿವೆ: ಅಕ್ಷರ ನೋಡಿ ಶಬ್ದ ಹೊರಡಿಸುವುದು, ಆ ಶಬ್ದಗಳ ಅರ್ಥ ಹಿಡಿಯುವುದು. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಇದನ್ನು ಗುಣಾಕಾರವಾಗಿ ಬರೆದರು. ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ನೀವು ಇಷ್ಟು ವರ್ಷ ಓದಿ ಹೇಳಿದ್ದರಿಂದ ಅವನ ಎರಡನೆಯ ಸಂಖ್ಯೆ ದೊಡ್ಡದಾಗಿದೆ. ಮೊದಲನೆಯದು ಕೇಳಿಸಿಕೊಂಡು ಬರುವಂಥದ್ದಲ್ಲ. ಕೆಲವು ಮಕ್ಕಳು ತಾವೇ ಹಿಡಿದುಬಿಡುತ್ತಾರೆ, ಬಹಳಷ್ಟು ಮಕ್ಕಳಿಗೆ ಕಲಿಸಬೇಕು.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ದಿನಕ್ಕೆ ಹತ್ತೇ ನಿಮಿಷ, ಒಂದು ದಿನವೂ ತಪ್ಪದೆ: ಅಕ್ಷರ, ಕಾಗುಣಿತ, ಕೊನೆಗೆ ಒತ್ತಕ್ಷರ. 'ಅಕ್ಕ'ದಂಥ ಸಜಾತಿ ಒತ್ತು ಸಲೀಸಾದ ಮೇಲೆ 'ಚಂದ್ರ', 'ಪುಸ್ತಕ'. ಬೆರಳಿಟ್ಟು ಓದಲಿ, ಅವಮಾನವೇನಿಲ್ಲ. ಮೂರು ತಿಂಗಳು ಹೀಗೆ ಕಲಿಸಿದ ಮೇಲೂ ನಿನ್ನೆ ಓದಿದ ಪದ ಇವತ್ತು ಹೊಸದಾಗಿಯೇ ಕಂಡರೆ, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದರೆ, ಡಿಸ್ಲೆಕ್ಸಿಯಾ ಇದೆಯೇ ಎಂದು ತಜ್ಞರಲ್ಲಿ ತೋರಿಸಿ. ಮನೆಯಲ್ಲಿ ಬೇರೆ ಯಾರಿಗಾದರೂ ಓದಿನ ತೊಂದರೆ ಇದ್ದದ್ದು ನೆನಪಾದರೆ ಮೂರು ತಿಂಗಳೂ ಕಾಯಬೇಡಿ. ಅದಕ್ಕೂ ಬುದ್ಧಿವಂತಿಕೆಗೂ ಸಂಬಂಧವಿಲ್ಲ, ಆದರೆ ನೆರವು ಬೇಗ ಸಿಕ್ಕಷ್ಟೂ ಒಳ್ಳೆಯದು.

ನಾನು ಮೋಸಹೋದ ಕಥೆ ಕೇಳಿ. ನನ್ನ ಮಗ ಆರನೆಯ ವಯಸ್ಸಿಗೆ ಒಂದು ಪುಸ್ತಕವನ್ನು ಪುಟ ತಿರುವಿ ತಿರುವಿ ಸರಾಗವಾಗಿ ಓದುತ್ತಿದ್ದ. ನಾಲ್ಕು ತಿಂಗಳು ಬೀಗಿದೆ. ಒಂದು ದಿನ ಎರಡು ಪುಟ ಅಂಟಿಕೊಂಡು ಒಟ್ಟಿಗೆ ತಿರುಗಿದವು. ಚಿತ್ರದಲ್ಲಿ ಆಗಲೇ ಮಳೆ ನಿಂತಿತ್ತು, ಇವನ ಬಾಯಲ್ಲಿ ಇನ್ನೂ ಮಳೆ ಸುರಿಯುತ್ತಿತ್ತು. ಪೂರ್ತಿ ಬಾಯಿಪಾಠ! ಆದ್ದರಿಂದ ಪರೀಕ್ಷಿಸುವಾಗ ಎಂದೂ ನೋಡದ ಪುಸ್ತಕ, ಚಿತ್ರವಿಲ್ಲದ ಪುಟ ಕೊಡಿ.

ಅಕ್ಷರ ಕಲಿಯುವ ಪುಸ್ತಕ ಸಪ್ಪೆಯಾಗಿರುವುದು ಸಹಜ. ಅವನ ತಲೆಗೆ ಮೇವು ಬೇಕಲ್ಲ, ದೊಡ್ಡ ಪುಸ್ತಕಗಳನ್ನು ನೀವು ಓದಿ ಹೇಳುವುದು ಮುಂದುವರಿಯಲಿ. ತಾನಾಗಿ ಓದಲು ಶುರು ಮಾಡಿದ ಮೇಲೂ ನಿಲ್ಲಿಸಬೇಡಿ.

ಪ್ರಶ್ನೆ: ದಿನಕ್ಕೆ ಎರಡು ಗಂಟೆ ಗಟ್ಟಿಯಾಗಿ ಓದಿ ಗಂಟಲು ಕಟ್ಟಿಹೋಗುತ್ತದೆ. ನನಗೆಂದು ಹತ್ತು ನಿಮಿಷವೂ ಸಿಗುವುದಿಲ್ಲ. ಹೇಳಿಕೊಂಡರೆ 'ನೀನೇ ಆರಿಸಿಕೊಂಡದ್ದಲ್ಲವಾ' ಅನ್ನುತ್ತಾರೆ.

ಉತ್ತರ: ಆರಿಸಿಕೊಂಡವರಿಗೂ ಸುಸ್ತಾಗುತ್ತದೆ, ಹಾಗೆಂದೇ ಹೇಳಿ. ಎರಡು ಗಂಟೆ ಬೇಡ, ಮುಕ್ಕಾಲು ಗಂಟೆಗೆ ಇಳಿಸಿ, ಅದನ್ನೂ ಎರಡು ಕಂತು ಮಾಡಿ. ಉಳಿದದ್ದಕ್ಕೆ ಆಡಿಯೊ ಪುಸ್ತಕ ಹಾಕಿ, ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಓದಲು ಬರುವ ದೊಡ್ಡ ಮಗು ಇದ್ದರೆ ಚಿಕ್ಕವರಿಗೆ ಒಂದು ಪುಟ ಓದಿ ಹೇಳಲಿ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಮನೆಯಲ್ಲಿ ಮೌನ: ಒಬ್ಬೊಬ್ಬರೂ ಒಂದೊಂದು ಮೂಲೆ, ಪುಸ್ತಕ ಹಿಡಿಯಲಿ, ಗೀಚಲಿ, ನಿದ್ದೆ ಹೊಡೆಯಲಿ. ಮೊದಲ ವಾರ 15 ನಿಮಿಷ ಸಾಕು, ಮೆಲ್ಲಗೆ ಬೆಳೆಸಿ. ಆ ಗಂಟೆಯಲ್ಲಿ ನೀವು ಪಾತ್ರೆ ತೊಳೆದರೆ ಮುಂದಿನ ಪತ್ರಕ್ಕೆ ಉತ್ತರ ಬರೆಯುವುದಿಲ್ಲ. ಸುಸ್ತು ವಾರಗಟ್ಟಲೆ ಇಳಿಯದೆ, ನಿದ್ದೆಯೂ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದು ಟೈಂಟೇಬಲ್ ಸರಿಪಡಿಸಿದರೆ ಹೋಗುವಂಥದ್ದಲ್ಲ, ವೈದ್ಯರನ್ನು ಕಾಣಿ.

ಪ್ರಶ್ನೆ: ಏಳು ವರ್ಷ ಮನೆಯಲ್ಲೇ ಓದಿದ ಹದಿಮೂರರ ಮಗಳು ಈಗ ಶಾಲೆಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ. ಇಷ್ಟು ವರ್ಷ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತೇ?

ಉತ್ತರ: ಇಲ್ಲ. ಕಳಿಸಿ. ಆ ವಯಸ್ಸಿಗೆ ಗೆಳತಿಯರು ಬೇಕು ಎನ್ನಿಸುವುದು ಅಮ್ಮನ ಮೇಲಿನ ಮುನಿಸಲ್ಲ.

ಸೇರಿಸುವ ಮುನ್ನ ಎರಡು ತಿಂಗಳು ಸಮಯ ತೆಗೆದುಕೊಳ್ಳಿ. ಆ ತರಗತಿಯ ಗಣಿತ ಪುಸ್ತಕ ತಂದು ಎಲ್ಲಿ ಹಿಂದಿದ್ದಾಳೆ ಎಂದು ಇಬ್ಬರೂ ಕೂತು ನೋಡಿ, ಹಿಂದಿದ್ದರೆ ಬಹುತೇಕ ಅಲ್ಲೇ. ಪೆನ್ನು ಹಿಡಿದು ಒಂದೇ ಸಮ ಮುಕ್ಕಾಲು ಗಂಟೆ ಬರೆಯುವ ಅಭ್ಯಾಸವೂ ಆಗಲಿ, ಮನೆಯಲ್ಲಿ ಬಾಯಿಮಾತಲ್ಲಿ ಉತ್ತರ ಹೇಳಿ ಬೆಳೆದ ಮಕ್ಕಳಿಗೆ ಮೊದಲು ನೋಯುವುದು ಕೈ. ಇಷ್ಟು ವರ್ಷ ಓದಿದ ಪುಸ್ತಕಗಳ ಪಟ್ಟಿ, ಅವಳ ಬರಹಗಳನ್ನು ಒಂದು ಫೈಲಿಗೆ ಹಾಕಿಡಿ. ಯಾವ ದಾಖಲೆ, ಯಾವ ಪರೀಕ್ಷೆ ಕೇಳುತ್ತಾರೆ ಎಂಬುದು ಊರಿಂದೂರಿಗೆ ಬೇರೆ, ಸೇರುವ ಶಾಲೆಯಲ್ಲೇ ಮುಂಚಿತವಾಗಿ ವಿಚಾರಿಸಿ.

ಈಗ ಓದುತ್ತಿರುವ ಪುಸ್ತಕ ಅರ್ಧಕ್ಕೆ ನಿಂತಿದ್ದರೆ ಪುಟಕ್ಕೆ ಗುರುತಿಟ್ಟಿರಿ. ಶಾಲೆಯಿಂದ ಬಂದ ಮೇಲೆ ರಾತ್ರಿ ಮುಂದುವರಿಸಬೇಕೋ ಬೇಡವೋ ಎಂದು ಅವಳನ್ನೇ ಕೇಳಿ.