ಆಪ್ತಸಲಹೆ ಪ್ರಕರಣ: ‘ನಂಬಿದ್ದೇ ತಪ್ಪಾಯ್ತು ಮೇಡಂ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದ ಆ ಹೆಂಗಸಿಗೆ 48 ವರ್ಷ. ಬೀದಿಯ 20 ಜನರನ್ನು ಸೇರಿಸಿ ಒಂದು ಲಕ್ಷದ ಚೀಟಿ ನಡೆಸುತ್ತಿದ್ದರು. ನಾಲ್ಕನೇ ತಿಂಗಳು ಚೀಟಿ ಎತ್ತಿದ ಚಿಕ್ಕಮ್ಮನ ಮಗ, ಆಮೇಲೆ ಮೂರು ಕಂತು ಕಟ್ಟಿ ಊರು ಬಿಟ್ಟ. ಉಳಿದ 13 ಕಂತು ಇವರ ತಲೆಗೆ ಬಂತು. ಬಳೆ ಮಾರಿ ತೀರಿಸಿದರು. ಅಲ್ಲಿಂದಾಚೆ ನಿದ್ದೆಯಿಲ್ಲ. “ನಂಬಿದ್ದೇ ತಪ್ಪಾಯ್ತು ಮೇಡಂ, ಇನ್ನು ಯಾರನ್ನೂ ನಂಬಲ್ಲ” ಎಂಬುದೊಂದೇ ಮಾತು.

ನಾನು ಅವಸರಪಟ್ಟು “ನಿಮ್ಮದೇನೂ ತಪ್ಪಿಲ್ಲ” ಎಂದುಬಿಟ್ಟೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಸುಮ್ಮನಾದರು. ಅವತ್ತು ಮತ್ತೆ ಮಾತು ಹೊರಡಲಿಲ್ಲ. ಇಷ್ಟು ವರ್ಷದ ಅನುಭವವಿದ್ದೂ ನಾನು ಮಾಡುವ ಎಡವಟ್ಟು ಇದು.

ಮುಂದಿನ ವಾರ ಬರೆಯಲು ಹೇಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದ ಕ್ರಮವೇ: ದಿನಕ್ಕೆ 15 ನಿಮಿಷ, ನಾಲ್ಕು ದಿನ. ಬರೆದ ದಿನ ಮನಸ್ಸು ಇನ್ನಷ್ಟು ಭಾರವಾಗಬಹುದು ಎಂದೂ ಎಚ್ಚರಿಸಿದೆ. “ನನಗೇ ಯಾಕೆ ಹೀಗಾಯ್ತು ಅಂತ ಬೇಡ. ಏನಾಯ್ತು, ಆಗ ನಿಮಗೇನು ಗೊತ್ತಿತ್ತು, ಏನನ್ನಿಸ್ತು, ಅಷ್ಟು ಬರೀರಿ.”

ಮಗಳ ಹಳೆಯ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದು ತಂದರು. ಮೂರನೇ ದಿನದ ಪುಟದಲ್ಲಿ ಒಂದು ಸಾಲನ್ನು ಹೊಡೆದುಹಾಕಿ, ಕೆಳಗೆ ಅದನ್ನೇ ಮತ್ತೆ ಬರೆದಿದ್ದರು: “ಅವನು ಬೇರೆ ಚೀಟಿಯಲ್ಲೂ ಬಾಕಿ ಇಟ್ಟಿದ್ದು ಗೊತ್ತಿತ್ತು. ಜಾಮೀನು ಕೇಳಿದ್ರೆ ಅಕ್ಕ ಬದಲಾದಳು ಅಂತಾನೆ ಅಂತ ಕೇಳಲಿಲ್ಲ.”

ಓದಿ ಮುಗಿಸಿ ಬಹಳ ಹೊತ್ತಿನ ಮೇಲೆ, “ಎಲ್ರೂ ಚೀಟಿ ಅಕ್ಕ ಅಂತಿದ್ರು. ನಂಗೂ ಅದು ಹಿಡಿಸಿತ್ತು” ಎಂದರು.

ಹಾಳೆಯ ನಡುವೆ ಗೆರೆ ಎಳೆಸಿದೆ. ಓಡಿಹೋಗಿದ್ದು ಅವನ ಲೆಕ್ಕಕ್ಕೆ, ಜಾಮೀನು ಕೇಳದ್ದು ಇವರ ಲೆಕ್ಕಕ್ಕೆ. ಅವನ ಕಡೆಯದನ್ನು ತಿದ್ದಲು ಇವರಿಂದಾಗದು.

ಸಲಹೆ ಕೊಟ್ಟಿದ್ದು ಸ್ವಲ್ಪವೇ. ದಾಕ್ಷಿಣ್ಯಕ್ಕೆ ಬೀಳುತ್ತಿದ್ದೇನೆ ಅನ್ನಿಸಿದಾಗ “ನಾಳೆ ಹೇಳ್ತೀನಿ” ಅಂದು ಒಂದು ರಾತ್ರಿ ಕಳೆಯಲಿ. ನೋಂದಣಿಯಿಲ್ಲದ ಚೀಟಿಯ ಸಹವಾಸವೇ ಬೇಡ. 1982ರ ಚಿಟ್ ಫಂಡ್ ಕಾಯ್ದೆ ಅದನ್ನು ಒಪ್ಪುವುದಿಲ್ಲ. ಬಾಕಿಯ ಬಗ್ಗೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಲಿ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ನಡುರಾತ್ರಿ ಯೋಚನೆ ಕಿತ್ತು ತಿನ್ನತೊಡಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಲಿ.

ಆರನೇ ಭೇಟಿಗೆ ಬಂದವರೇ ಹೇಳಿದರು: “ಪಕ್ಕದ ಮನೆಯವಳು ಹತ್ತು ಸಾವಿರ ಕೈಸಾಲ ಕೇಳಿದ್ಲು. ನಾಳೆ ಹೇಳ್ತೀನಿ ಅಂದೆ. ಮಾರನೇ ದಿನ ಆಗಲ್ಲ ಅಂದೆ. ಎರಡು ದಿನದಿಂದ ಮಾತಾಡಿಸ್ತಿಲ್ಲ ಮೇಡಂ.”