ನೋಡಲು ಬರುವವರಿಗಾಗಿ ದವಡೆ ಆಪರೇಷನ್ ಬೇಕಾ?

ಮೇಲ್ದವಡೆಯ ಆಪರೇಷನ್ ಮಾಡಿಸಿಕೊಳ್ಳಲೋ ಬೇಡವೋ ಅಂತ ಕೇಳಿಕೊಂಡು ಕೌನ್ಸೆಲರ್ ಆದ ನನ್ನ ಹತ್ತಿರ ಬರುವವರು ಈಗ ಜಾಸ್ತಿಯಾಗಿದ್ದಾರೆ. ಹೆಚ್ಚಿನವರು ಇಪ್ಪತ್ತು ದಾಟಿದ, ಮೂವತ್ತು ಮುಟ್ಟದ ಹುಡುಗ ಹುಡುಗಿಯರು. ಮನೆಯಲ್ಲಿ ಮದುವೆ ಮಾತು ನಡೆಯುತ್ತಿರುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಆಗಲೇ ಹೋಗಿ ಬಂದಿರುತ್ತಾರೆ, ಎಕ್ಸ್‌ರೇ ಕವರ್ ಕೈಯಲ್ಲೇ ಇರುತ್ತದೆ. ಯಾರಾದರೂ ಒಬ್ಬರು 'ಹೂಂ, ಮಾಡಿಸಿಕೋ' ಅಂತಲೋ 'ಬೇಡ ಬಿಡು' ಅಂತಲೋ ಹೇಳಿಬಿಡಲಿ ಅನ್ನುವುದು ಅವರ ಆಸೆ. ನಾನು ಎರಡನ್ನೂ ಹೇಳುವುದಿಲ್ಲ. ಅದಕ್ಕೆ ಕೆಲವರು ಸಿಟ್ಟಾಗಿ ಎದ್ದು ಹೋಗಿದ್ದೂ ಇದೆ. ಯಾಕೆ ಹೇಳುವುದಿಲ್ಲ ಅನ್ನುವುದು ಈ ಒಂದು ಪ್ರಕರಣ ಓದಿದರೆ ಗೊತ್ತಾಗಬಹುದು. ಆಕೆಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಬೇಡ, ಟೀಚರ್ ಅಂತಲೇ ಕರೆಯುತ್ತೇನೆ.

ಟೀಚರ್‌ಗೆ ಆಗ ಇಪ್ಪತ್ತಾರು. ಮಧ್ಯ ಕರ್ನಾಟಕದ ಒಂದು ತಾಲೂಕು ಊರು, ಪ್ರೈಮರಿ ಶಾಲೆಯಲ್ಲಿ ಕೆಲಸ. ನಕ್ಕರೆ ಮೇಲಿನ ವಸಡು ಚೆನ್ನಾಗಿಯೇ ಕಾಣುತ್ತದೆ, ಮೇಲ್ದವಡೆ ಸ್ವಲ್ಪ ಮುಂದೆ ಇದೆ. ನೋಡಲು ಬಂದ ಮೂರು ಕಡೆಯವರು ಒಪ್ಪಿರಲಿಲ್ಲ. ಮೂರನೆಯವರ ಕಡೆಯಿಂದ ಬ್ರೋಕರ್ ಒಂದು ಮಾತು ಹೊತ್ತು ತಂದಿದ್ದ: "ಹುಡುಗಿ ಲಕ್ಷಣವಾಗಿದ್ದಾಳೆ, ನಗದೇ ಇದ್ದರೆ." ಆಮೇಲೆ ಆಕೆಯ ಚಿಕ್ಕಮ್ಮ ಹೇಳಿದ್ದು, "ಇನ್ಮೇಲೆ ಯಾರಾದ್ರೂ ಬಂದಾಗ ತುಟಿ ಮುಚ್ಕೊಂಡಿರೇ ತಾಯಿ."

ಮೊದಲ ಸಲ ಅಪ್ಪನ ಜೊತೆ ಬಂದರು. ಅಪ್ಪ ಕೂತಲ್ಲೇ ಶುರು ಮಾಡಿದರು: "ಇದು ನಮ್ಮ ಮನೆತನದ ಬಾಯಿ ಮೇಡಂ. ನಮ್ಮವ್ವಂಗೂ ಹಿಂಗೇ ಇತ್ತು, ನನಗೂ ಹಿಂಗೇ. ನನ್ನಿಂದ ಬಂದದ್ದು, ನಾನೇ ಸರಿ ಮಾಡಿಸ್ತೀನಿ. ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕೀನಿ." ಮಾತಾಡುವಾಗ ಅವರ ಹೆಗಲ ಟವೆಲ್ಲು ಆಗಾಗ ಬಾಯಿಗೆ ಬರುತ್ತಿತ್ತು. ದೀಪಾವಳಿ ಹತ್ತಿರವಿತ್ತು. ಬರುವ ವೈಶಾಖದೊಳಗೆ ಆಪರೇಷನ್ನೂ ಮುಗಿದು ಮದುವೆಯೂ ಆಗಬೇಕು ಅನ್ನುವುದು ಮನೆಯವರ ಲೆಕ್ಕ.

ಆ ಲೆಕ್ಕವೇ ಮೊದಲು ತಪ್ಪು. ಈ ಆಪರೇಷನ್‌ಗೆ ಲ ಫೋರ್ 1 ಅನ್ನುತ್ತಾರೆ. ಮುಖದ ಮೂಳೆ ಎಲ್ಲೆಲ್ಲಿ ಮುರಿಯುತ್ತದೆ ಅಂತ 1901ರಲ್ಲಿ ಬರೆದ ಫ್ರಾನ್ಸಿನ ಡಾಕ್ಟರ್ ರೆನೆ ಲ ಫೋರ್ ಅವರ ಹೆಸರು ಅದು. ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯ ಒಳಗಿನಿಂದಲೇ ಕೊಯ್ದು, ಹಲ್ಲಿನ ಬೇರುಗಳ ಮೇಲ್ಗಡೆ ಮೇಲ್ದವಡೆಯನ್ನು ಅಡ್ಡಕ್ಕೆ ಕತ್ತರಿಸಿ ಬಿಡಿಸುತ್ತಾರೆ. ಬೇಕಾದಷ್ಟು ಮೂಳೆ ತೆಗೆದು, ದವಡೆಯನ್ನು ಮೇಲಕ್ಕೋ ಹಿಂದಕ್ಕೋ ಸರಿಸಿ, ಟೈಟೇನಿಯಂ ಪ್ಲೇಟು ಸ್ಕ್ರೂ ಹಾಕಿ ಕೂರಿಸುತ್ತಾರೆ. ಹೊರಗೆ ಕಲೆ ಕಾಣುವುದಿಲ್ಲ. ಆದರೆ ಸಾಮಾನ್ಯವಾಗಿ ಅದಕ್ಕೂ ಮೊದಲು ವರ್ಷ, ಒಂದೂವರೆ ವರ್ಷ ಹಲ್ಲಿಗೆ ಕ್ಲಿಪ್ ಹಾಕಬೇಕು. ಆಪರೇಷನ್ ಆದ ಮೇಲೂ ಕೆಲವು ತಿಂಗಳು ಕ್ಲಿಪ್ ಇರುತ್ತದೆ. ಮೊದಲ ಕೆಲವು ವಾರ ಗಂಜಿ, ಜ್ಯೂಸು, ಮೆತ್ತಗಿನ ಅನ್ನ. ಮುಖದ ಊತ ಮುಕ್ಕಾಲು ಪಾಲು ಒಂದು ತಿಂಗಳೊಳಗೆ ಇಳಿದರೂ ಉಳಿದದ್ದು ಪೂರ್ತಿ ಹೋಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ವೈಶಾಖ ಎಲ್ಲಿಂದ ಬಂತು?

ಇದನ್ನು ಹೇಳಿದಾಗ ಅಪ್ಪ ಸಪ್ಪಗಾದರು. ಮಗಳಿಗೆ ಇದೆಲ್ಲ ಗೊತ್ತಿತ್ತು, ವಿಡಿಯೋ ನೋಡಿದ್ದಳು. ಗೊತ್ತಿದ್ದೂ ಮನೆಯಲ್ಲಿ ಹೇಳಿರಲಿಲ್ಲ.

ನಾನು ಅವತ್ತು ಬೇರೆ ಏನೂ ಹೇಳಲಿಲ್ಲ. ಒಂದು ಕೆಲಸ ಕೊಟ್ಟೆ. ಹದಿನೈದು ದಿನ ಒಂದು ಪುಸ್ತಕ ಇಟ್ಟುಕೊಳ್ಳಿ, ಬಾಯಿಯ ಬಗ್ಗೆ ಯೋಚನೆ ಬಂದಾಗಲೆಲ್ಲ ಎಷ್ಟು ಗಂಟೆ, ಎಲ್ಲಿದ್ದಿರಿ, ಅದಕ್ಕೆ ಮುಂಚೆ ಏನಾಯಿತು ಅಂತ ಒಂದೊಂದೇ ಸಾಲು ಬರೆಯಿರಿ ಅಂದೆ. ಮುಖದ ಬಗ್ಗೆ ಬರುವ ಎಲ್ಲರಿಗೂ ಈ ಕೆಲಸ ಕೊಡುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೇ ಸಲ ಒಬ್ಬಳೇ ಬಂದಳು. ಮಕ್ಕಳ ಕಾಪಿ ಪುಸ್ತಕದಲ್ಲಿ ದುಂಡನೆಯ ಟೀಚರ್ ಅಕ್ಷರ. "ಭಾನುವಾರ 8, ಬ್ರೋಕರ್ ಫೋನು, ಕನ್ನಡಿ." "ಭಾನುವಾರ 11, ಸೆಲ್ಫಿ, ಡಿಲೀಟ್." "ಮಂಗಳವಾರ ರಾತ್ರಿ, ಚಿಕ್ಕಮ್ಮ, ಇನ್ನೊಂದು ಫೋಟೋ ತೆಗೆಸು ಅಂದರು." "ಶುಕ್ರವಾರ, ಮದುವೆ ಮನೆ, ಗ್ರೂಪ್ ಫೋಟೋ." ಪುಟ ತಿರುಗಿಸುತ್ತಾ ಹೋದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆವರೆಗೆ, ಶಾಲೆಗೆ ಹೋದ ಒಂದು ದಿನವೂ ಒಂದು ಸಾಲೂ ಇಲ್ಲ.

"ಶಾಲೆಯಲ್ಲಿ ಬರೆಯೋಕೆ ಪುರುಸೊತ್ತು ಆಗಲಿಲ್ವಾ?" ಅಂದೆ.

"ಪುರುಸೊತ್ತಿನ ಮಾತಲ್ಲ ಮೇಡಂ. ಶಾಲೆಯಲ್ಲಿ ನನಗೆ ಬಾಯಿ ಇದೆ ಅನ್ನೋದೇ ನೆನಪಿರಲ್ಲ" ಅಂದಳು. ಹೇಳಿ ತಾನೇ ನಕ್ಕಳು, ನಗುತ್ತಿದ್ದ ಹಾಗೇ ದುಪಟ್ಟಾ ಬಾಯಿಗೆ ಹೋಯಿತು.

ನಾನು ಬಾಯಿ ತೆರೆಯುವ ಮುಂಚೆಯೇ ಆಕೆಗೆ ಸಿಟ್ಟು ಬಂತು. "ಈಗ ನೀವೇನು ಹೇಳ್ತೀರಿ ಅಂತ ಗೊತ್ತು. ತೊಂದರೆ ಇರೋದು ದವಡೆಯಲ್ಲಲ್ಲ, ನೋಡೋರ ಕಣ್ಣಲ್ಲಿ ಅಂತೀರಿ. ನಮ್ಮ ಹೆಡ್ ಮೇಡಂನೂ ಅದನ್ನೇ ಹೇಳಿದ್ರು. ಆದ್ರೆ ನೋಡೋರನ್ನ ಬದಲಾಯಿಸೋಕಾಗಲ್ಲ ಮೇಡಂ, ದವಡೆ ಬದಲಾಯಿಸಬಹುದು."

ಈ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆಕೆ ಹೇಳಿದ್ದು ಸರಿ ಅಂತಲೇ ಒಪ್ಪಿಕೊಂಡೆ. ಮುಖ ನೋಡಿ ಹುಡುಗಿಯನ್ನು ಬೇಡ ಅನ್ನುವ ಜನ ನಮ್ಮ ಸುತ್ತ ಇದ್ದಾರೆ, ಅವರ ಮುಂದೆ ಪ್ರತಿ ಸಲ ಹೋಗಿ ಕೂರಬೇಕಾದವಳು ಅವಳೇ, ನಾನಲ್ಲ. 'ಅಂದ ಮನಸ್ಸಿನಲ್ಲಿರುತ್ತೆ' ಅಂತ ಹೇಳಿ ಕಳಿಸಿದರೆ ಆಕೆ ಇನ್ನೊಮ್ಮೆ ನನ್ನ ಬಾಗಿಲು ತಟ್ಟುವುದಿಲ್ಲ, ತಟ್ಟಲೂಬಾರದು.

ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ: "ಸರಿ, ಆಪರೇಷನ್ ಆಯ್ತು, ಬಂದವರು ಒಪ್ಪಿದ್ರು ಅಂತಿಟ್ಟುಕೊಳ್ಳಿ. ಆಪರೇಷನ್ ವಿಷಯ ಅವರಿಗೆ ಹೇಳ್ತೀರಾ?"

"ಇಲ್ಲ. ಹೇಳಿದ್ರೆ ಮಾಡಿಸಿಕೊಂಡು ಏನು ಪ್ರಯೋಜನ?"

"ಹಳೇ ಫೋಟೋ?"

"ಎಲ್ಲ ತೆಗೆದು ಹಾಕ್ತೀನಿ. ನಮ್ಮ ಅಣ್ಣನ ಮದುವೆ ಆಲ್ಬಂ ಒಂದು..." ಅಂದವಳು ಅಲ್ಲೇ ನಿಂತಳು. ಆಮೇಲೆ ಬಹಳ ಮೆಲ್ಲಗೆ, "ಅಪ್ಪ ಮಂಟಪದಲ್ಲಿ ಇರ್ತಾರಲ್ಲ ಮೇಡಂ" ಅಂದಳು.

ಅಲ್ಲಿಂದ ಮಾತಿನ ದಾರಿಯೇ ಬೇರೆಯಾಯಿತು. ಒಂದು ವರ್ಷದಿಂದ ಅಪ್ಪ ಮನೆಯಲ್ಲಿ ನಗುವುದು ಕಡಿಮೆ ಮಾಡಿದ್ದಾರೆ, ಟವೆಲ್ಲು ಬಾಯಿಗೆ ಅಡ್ಡ ಹಿಡಿಯುವುದನ್ನು ಕಲಿತಿದ್ದಾರೆ, ಅದನ್ನು ತಾನು ನೋಡಿದ್ದೂ ನೋಡದ ಹಾಗಿದ್ದೆ ಅಂದಳು. ತುಂಬಾ ಅತ್ತಳು. ಇದನ್ನು ಹಿಡಿದುಕೊಂಡು 'ನೋಡು, ಅಪ್ಪನಿಗಾಗಿಯಾದರೂ ಆಪರೇಷನ್ ಬಿಡು' ಅಂತ ಹೇಳಬಹುದಿತ್ತು. ಹೇಳಲಿಲ್ಲ. ಮಗಳ ಮುಖ ಅಪ್ಪನ ಮರ್ಯಾದೆ ಕಾಯಲಿಕ್ಕೆ ಇರುವುದಲ್ಲ, ಹಾಗೆಯೇ ನೋಡಲು ಬರುವವರ ಮರ್ಜಿ ಕಾಯಲಿಕ್ಕೂ ಅಲ್ಲ ಅನ್ನುವುದು ನನ್ನ ನಂಬಿಕೆ. ಆದರೆ ಒಂದು ವಿಷಯ ಆಕೆಗೇ ಕಂಡಿತ್ತು. ದವಡೆ ಬದಲಾದರೆ ಮುಖ ಬದಲಾಗುತ್ತದೆ, ಮನೆತನ ಬದಲಾಗುವುದಿಲ್ಲ. ನಾಳೆ ಮಗುವಿಗೆ ಇದೇ ದವಡೆ ಬಂದರೂ ಬರಬಹುದು. ಅಂದರೆ ಜೀವನಪೂರ್ತಿ ಮುಚ್ಚಿಡಬೇಕಾದ ಒಂದು ಗುಟ್ಟನ್ನು ಸಾಲ ಮಾಡಿ ತಂದುಕೊಂಡ ಹಾಗೆ ಆಗುತ್ತದೆ.

ಇಷ್ಟಾದ ಮೇಲೆ ನಾನು ಕೊಟ್ಟ ಸಲಹೆ ಇದು. ಆರು ತಿಂಗಳು ಹೆಣ್ಣು ನೋಡುವ ಶಾಸ್ತ್ರ ಬೇಡ, ಬ್ರೋಕರ್‌ಗೆ ಹಾಗೇ ಹೇಳಿಬಿಡಿ. ಆ ಆರು ತಿಂಗಳಲ್ಲಿ ಆಪರೇಷನ್ ಬಗ್ಗೆ ಬೇಕಾದಷ್ಟು ತಿಳಿದುಕೊಳ್ಳಿ, ಆದರೆ ಯಾವುದೇ ಪೇಪರ್‌ಗೆ ಸಹಿ ಹಾಕಬೇಡಿ. ಸೊಸೈಟಿಯ ಅರ್ಜಿ ವಾಪಸ್ ತೆಗೆದುಕೊಳ್ಳಿ, ಯಾಕಂದರೆ ಸಾಲ ಮಂಜೂರಾಗಿ ಕೈಗೆ ಬಂದರೆ ಅಪ್ಪನ ಮುಖ ನೋಡಿ ಬೇಡ ಅನ್ನಲು ನಿಮಗೆ ಆಗುವುದಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಇದು ಲಕ್ಷಗಳ ಮಾತು, ಬರೀ ಅಂದಕ್ಕೆ ಅಂತಾದರೆ ಇನ್ಶೂರೆನ್ಸ್ ಕಂಪನಿಗಳು ಕೊಡುವುದಿಲ್ಲ.

ಡಾಕ್ಟರ ಹತ್ತಿರ ಮತ್ತೆ ಹೋಗಿ ಅಂತಲೂ ಹೇಳಿದೆ. ಆದರೆ ಒಬ್ಬರ ಹತ್ತಿರ ಅಲ್ಲ. ಕ್ಲಿಪ್ ಹಾಕುವ ಆರ್ಥೋಡಾಂಟಿಸ್ಟ್ ಬೇರೆ, ದವಡೆ ಕೊಯ್ಯುವ ಸರ್ಜನ್ ಬೇರೆ, ಇಬ್ಬರೂ ಒಟ್ಟಿಗೆ ಕೂತು ನೋಡುವ ಡೆಂಟಲ್ ಕಾಲೇಜು ಆದರೆ ಒಳ್ಳೆಯದು. ಮೊದಲ ಪ್ರಶ್ನೆ: ನಕ್ಕಾಗ ವಸಡು ಕಾಣುವುದು ನನಗೆ ಯಾವುದರಿಂದ? ದವಡೆಯ ಮೂಳೆಯೇ ಉದ್ದ ಬೆಳೆದಿದ್ದರಿಂದಲೂ ಆಗಬಹುದು, ಮೇಲ್ತುಟಿ ಗಿಡ್ಡ ಇರುವುದರಿಂದ ಅಥವಾ ನಗುವಾಗ ಅತಿಯಾಗಿ ಮೇಲೆ ಹೋಗುವುದರಿಂದಲೂ ಆಗಬಹುದು, ವಸಡೇ ಹಲ್ಲಿನ ಮೇಲೆ ಇಳಿದು ಕೂತಿದ್ದರೂ ಆಗಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ವಸಡಿನದ್ದಾದರೆ ಅದನ್ನಷ್ಟೇ ಒಪ್ಪ ಮಾಡುವ ಸಣ್ಣ ಚಿಕಿತ್ಸೆ ಸಾಕಾಗಬಹುದು. ತುಟಿಗೆ ಬೊಟಾಕ್ಸ್, ಅಂದರೆ ಸ್ನಾಯು ಸಡಿಲ ಮಾಡುವ ಇಂಜೆಕ್ಷನ್, ಕೊಡುತ್ತಾರೆ, ಅದು ಮೂರು ನಾಲ್ಕು ತಿಂಗಳ ಮಟ್ಟಿಗೆ. ವಯಸ್ಸಾದಂತೆ ಮೇಲ್ತುಟಿ ತಾನಾಗಿ ಇಳಿದು ವಸಡು ಕಾಣುವುದು ಕಡಿಮೆಯಾಗುತ್ತದೆ, ಇದನ್ನು ಯಾರೂ ಹೇಳುವುದೇ ಇಲ್ಲ.

ಎರಡನೇ ಪ್ರಶ್ನೆ ಕ್ಲಿಪ್‌ನದ್ದು. 'ಮೊದಲು ಕ್ಲಿಪ್ ಹಾಕಿಸೋಣ, ಆಪರೇಷನ್ ಆಮೇಲೆ ನೋಡೋಣ' ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅದು ಆಗುವ ಮಾತಲ್ಲ. ಆಪರೇಷನ್‌ಗೆ ತಯಾರು ಮಾಡುವ ಕ್ಲಿಪ್ ಹಲ್ಲನ್ನು ಒಂದು ಕಡೆ ಸರಿಸಿದರೆ, ಆಪರೇಷನ್ ಇಲ್ಲದೆ ಮುಗಿಸುವ ಕ್ಲಿಪ್ ಎಷ್ಟೋ ಸಲ ಅದರ ಉಲ್ಟಾ ಸರಿಸುತ್ತದೆ. ಅರ್ಧ ದಾರಿಯಲ್ಲಿ ಮನಸ್ಸು ಬದಲಾದರೆ ಹಲ್ಲು ಮೊದಲಿಗಿಂತ ಉಬ್ಬಿದ ಹಾಗೆ ಕಾಣಬಹುದು. ಹಾಗಾಗಿ ತೀರ್ಮಾನ ಕ್ಲಿಪ್‌ಗೆ ಮುಂಚೆಯೇ ಆಗಬೇಕು.

ಮೂರನೆಯದು, ಕೆಟ್ಟದ್ದೇನಾಗಬಹುದು ಅನ್ನುವುದು. ಮೇಲ್ತುಟಿ, ಕೆನ್ನೆ, ವಸಡು ಮರಗಟ್ಟುವುದು ಸಾಮಾನ್ಯ. ಬಹುಪಾಲು ಜನರಿಗೆ ತಿಂಗಳುಗಳಲ್ಲಿ ಸ್ಪರ್ಶ ವಾಪಸ್ ಬರುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ಮೂಗಿನ ಬುಡ ಅಗಲವಾಗಬಹುದು. ಹೊಲಿಗೆ ಹಾಕಿ ತಡೆಯಲು ನೋಡುತ್ತಾರೆ, ಆದರೂ ಮೂಗು ಸ್ವಲ್ಪ ಬೇರೆ ಥರ ಕಂಡೀತು. ಪ್ಲೇಟಿಗೆ ಸೋಂಕು ತಗುಲಿ ತೆಗೆಸಬೇಕಾದೀತು. ದವಡೆ ಸ್ವಲ್ಪ ವಾಪಸ್ ಸರಿದೀತು. ಇದನ್ನೆಲ್ಲ ಹೇಳಿದರೆ 'ಕೌನ್ಸೆಲರ್ ಹೆದರಿಸ್ತಾರೆ' ಅಂತ ಮಾತು ಬರುತ್ತದೆ, ಬಂದಿದೆ. ಇರಲಿ. ನುರಿತ ಸರ್ಜನ್ ಕೈಯಲ್ಲಿ ಇದು ಚೆನ್ನಾಗಿ ನಡೆಯುವ ಆಪರೇಷನ್, ಅದನ್ನೂ ನಾನೇ ಹೇಳುತ್ತೇನೆ. ಆದರೆ ಆರೋಗ್ಯವಾಗಿರುವ ಮೂಳೆಯನ್ನು ಅಂದಕ್ಕಾಗಿ ಕತ್ತರಿಸುವವರಿಗೆ ಕೆಟ್ಟ ಸುದ್ದಿ ಮುಂಚೆಯೇ ಗೊತ್ತಿರಬೇಕು, ಊತದ ಮುಖ ಕನ್ನಡಿಯಲ್ಲಿ ನೋಡಿಕೊಂಡು ಅಳುವಾಗ ಗೊತ್ತಾಗಬಾರದು.

ಸೆಲ್ಫಿ ನೋಡಿ ತೀರ್ಮಾನ ಮಾಡಬೇಡಿ ಅಂತಲೂ ಹೇಳಿದೆ. ಕೈಯಳತೆಯಲ್ಲಿ ಹಿಡಿದ ಫೋನು ಮುಖದ ನಡುವಿನ ಭಾಗವನ್ನು, ಅಂದರೆ ಮೂಗು ಬಾಯಿಯನ್ನು, ಇದ್ದದ್ದಕ್ಕಿಂತ ಮುಂದೆ ತಳ್ಳಿ ತೋರಿಸುತ್ತದೆ. ಐದಾರು ಅಡಿ ದೂರದಿಂದ ಬೇರೆಯವರ ಕೈಯಲ್ಲಿ ತೆಗೆಸಿ ನೋಡಿ.

ಇನ್ನು ಪುಸ್ತಕದ ವಿಷಯ. ಟೀಚರ್ ಪುಸ್ತಕದಲ್ಲಿ ಏಳು ಗಂಟೆಗಳ ಖಾಲಿ ಜಾಗ ಇತ್ತು. ಕೆಲವರ ಪುಸ್ತಕದಲ್ಲಿ ಖಾಲಿ ಜಾಗವೇ ಇರುವುದಿಲ್ಲ. ಕೆಲಸದ ನಡುವೆ ಎದ್ದು ಹೋಗಿ ಕನ್ನಡಿ ನೋಡುತ್ತಾರೆ, ದಿನಕ್ಕೆ ಗಂಟೆಗಟ್ಟಲೆ ಅದೇ ಯೋಚನೆ, ಎದುರಿನವರಿಗೆ ಕಾಣದ ಕುಂದು ಅವರಿಗೆ ಬೆಟ್ಟದಷ್ಟು ಕಾಣುತ್ತದೆ, ಹೊರಗೆ ಹೋಗುವುದನ್ನೇ ಬಿಟ್ಟಿರುತ್ತಾರೆ. ಅದಕ್ಕೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅನ್ನುತ್ತಾರೆ. ಬೇಡ ಅಂದರೂ ಒಂದೇ ಯೋಚನೆ ಮತ್ತೆ ಮತ್ತೆ ಬಂದು ಕಾಡುವ ಒಸಿಡಿಯ ಹತ್ತಿರದ ಕಾಯಿಲೆ ಅದು. ಅಂಥವರಿಗೆ ಆಪರೇಷನ್ ಮಾಡಿದರೆ ಸಾಮಾನ್ಯವಾಗಿ ಸಮಾಧಾನ ಸಿಗುವುದಿಲ್ಲ, ಚಿಂತೆ ದವಡೆಯಿಂದ ಮೂಗಿಗೆ ಹೋಗುತ್ತದೆ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ, ಮಾತ್ರೆ ಇದೆ, ಎರಡೂ ಕೆಲಸ ಮಾಡುತ್ತವೆ. ಓದುತ್ತಿರುವ ಯಾರಿಗಾದರೂ ಇದು ತನ್ನದೇ ಕಥೆ ಅನ್ನಿಸಿದರೆ ಸರ್ಜನ್ ಬಳಿ ಹೋಗುವ ಮುಂಚೆ ಮನೋವೈದ್ಯರನ್ನು ನೋಡಿ. ಊರಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಉಲ್ಟಾ ಥರದವರೂ ಬರುತ್ತಾರೆ. ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದೆ ರೊಟ್ಟಿ ಕಚ್ಚಿ ಹರಿಯಲು ಆಗದ ಒಬ್ಬ ಹುಡುಗ ಬಂದಿದ್ದ. ಚಿಕ್ಕಂದಿನಿಂದ ಪಕ್ಕದ ಹಲ್ಲಿನಲ್ಲೇ ಕಚ್ಚುತ್ತಿದ್ದ, ಆಪರೇಷನ್ ಕೇಳಿದರೆ ಶೋಕಿ ಅಂತಾರೇನೋ ಅನ್ನುವ ನಾಚಿಕೆ ಅವನಿಗೆ. ಅವನಿಗೆ ನಾನು ಕೊಟ್ಟ ಸಲಹೆ ಒಂದೇ: ನಾಚಿಕೆ ಬಿಡಿ, ಡಾಕ್ಟರ ಮಾತು ಕೇಳಿ, ಮನೆಯವರನ್ನು ಕರೆದುಕೊಂಡು ಬನ್ನಿ, ನಾನು ಮಾತಾಡುತ್ತೇನೆ.

ಟೀಚರ್ ವಿಷಯಕ್ಕೆ ಬಂದರೆ, ಡೆಂಟಲ್ ಕಾಲೇಜಿನಲ್ಲಿ ಆಕೆಗೆ ಹೇಳಿದ್ದು: ಕಚ್ಚುವುದಕ್ಕೆ ತೊಂದರೆ ಇಲ್ಲ, ವಸಡು ಕಾಣುವುದರಲ್ಲಿ ಒಂದು ಪಾಲು ಮೂಳೆಯದ್ದು, ಒಂದು ಪಾಲು ವಸಡಿನದ್ದು, ವಸಡಿನದ್ದನ್ನು ಸುಲಭವಾಗಿ ಸರಿ ಮಾಡಬಹುದು, ಮೂಳೆಯದ್ದಕ್ಕೆ ಆಪರೇಷನ್ನೇ ಆಗಬೇಕು. ಆಕೆ ವಸಡಿನ ಚಿಕಿತ್ಸೆಯನ್ನಷ್ಟೇ ಬೇಸಿಗೆ ರಜೆಯಲ್ಲಿ ಮಾಡಿಸಿಕೊಂಡಳು. ಸ್ವಲ್ಪ ವ್ಯತ್ಯಾಸ ಆಗಿದೆ, ತುಂಬಾ ಏನಿಲ್ಲ ಅಂತ ಆಕೆಯೇ ಹೇಳುತ್ತಾಳೆ. ಬಯೋಡೇಟಾದಲ್ಲಿ ಸ್ಟುಡಿಯೋದಲ್ಲಿ ತುಟಿ ಮುಚ್ಚಿಸಿ ತೆಗೆದ ಫೋಟೋ ತೆಗೆದು, ಶಾಲೆಯ ವಾರ್ಷಿಕೋತ್ಸವದಲ್ಲಿ ನಗುತ್ತಾ ನಿಂತಿದ್ದನ್ನು ಹಾಕಿದ್ದಾಳೆ. ಬೇಡ ಅನ್ನುವವರು ಫೋಟೋ ನೋಡಿಯೇ ಬೇಡ ಅನ್ನಲಿ, ಮನೆಗೆ ಬಂದು ಉಪ್ಪಿಟ್ಟು ತಿಂದು ಹೇಳುವುದು ಬೇಡ ಅನ್ನುವುದು ಅವಳ ಮಾತು. ಇಬ್ಬರಿಂದ ಉತ್ತರ ಬರಲಿಲ್ಲ. ಇನ್ನೊಂದು ಕಡೆಯವರು ಬರುತ್ತೇವೆ ಅಂದಿದ್ದಾರೆ. ಚಿಕ್ಕಮ್ಮನಿಗೆ ಇನ್ನೂ ಅಸಮಾಧಾನ. ಆಪರೇಷನ್ ಬಾಗಿಲನ್ನು ಆಕೆ ಮುಚ್ಚಿಲ್ಲ. ಎರಡು ವರ್ಷ ಬಿಟ್ಟು, ತನ್ನ ಸಂಬಳದಲ್ಲಿ, ತನಗೇ ಬೇಕು ಅನ್ನಿಸಿ ಮಾಡಿಸಿಕೊಂಡರೆ ಆಗಲೂ ನಾನು ಬೇಡ ಅನ್ನುವುದಿಲ್ಲ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳು ಆ ಕಾಪಿ ಪುಸ್ತಕದ ಕೊನೆಯ ಪುಟದಲ್ಲಿ ಇವೆ, ಅಪ್ಪನಿಗೂ ಓದಿ ಹೇಳಿದ್ದಾಳೆ.