ತೈವಾನ್‌ಗೆ ಐಎಂಎಫ್ ಸೀಟ್ ಯಾಕೆ ಬೇಕು: ಸಂಪಾದಕರ ಉತ್ತರ

ಕಷ್ಟದಲ್ಲಿರೋ ಸದಸ್ಯ ದೇಶಗಳಿಗೆ ಸಾಲ ಕೊಡೋ ಐಎಂಎಫ್‌ನಲ್ಲಿ (ಅಂತರರಾಷ್ಟ್ರೀಯ ಹಣಕಾಸು ನಿಧಿ) ತೈವಾನ್‌ಗೂ ಸದಸ್ಯತ್ವ ಬೇಕು, ಅದಕ್ಕಾಗಿ ಅಮೆರಿಕದಲ್ಲಿ ಬಂದಿರೋ ಮಸೂದೆ ಒಳ್ಳೇದು ಅಂತ ಕಳೆದ ಸಂಚಿಕೇಲಿ ಬರ್ದಿದ್ದೆ. ಅದನ್ನ ಓದಿ ಶಿರಸಿಯ ಓದುಗರೊಬ್ರು ಬೇಜಾರಾಗಿ ಪತ್ರ ಬರ್ದಿದಾರೆ. ‘ತೈವಾನ್ ಹತ್ರ ದುಡ್ಡು ಕೊಳೀತಾ ಬಿದ್ದಿದೆ, ಅದಕ್ಕ್ಯಾಕೆ ಐಎಂಎಫ್ ಸಾಲ? ಅಮೆರಿಕದವ್ರು ಚೀನಾನ ಕೆಣಕೋಕೆ ಮಸೂದೆ ತಂದ್ರೆ ನೀವ್ಯಾಕೆ ಹೊಗಳ್ತೀರಿ? ನಾಳೆ ಯಾವ ಪ್ರಾಂತ್ಯ ಬೇಕಾದ್ರೂ ಸೀಟ್ ಕೇಳಲ್ವಾ?’ ಅಂತ.

ಸರ್, ದುಡ್ಡಿರೋದು ನಿಜ. ಚೀನಾ ತನ್ನದೇ ಪ್ರಾಂತ್ಯ ಅನ್ನೋ, 2.3 ಕೋಟಿ ಜನರ ಆ ದ್ವೀಪದ ಹತ್ರ 50,000 ಕೋಟಿ ಡಾಲರ್‌ಗೂ ಜಾಸ್ತಿ ವಿದೇಶಿ ವಿನಿಮಯ ಇದೆ. ರಫ್ತಿಂದ ಬಂದಿದ್ದು ಹೌದು, ಆದ್ರೆ ಕಷ್ಟ ಬಂದ್ರೆ ಕೈ ಹಿಡಿಯೋರಿಲ್ಲ ಅನ್ನೋ ಭಯದಲ್ಲಿ ಕೂಡಿಟ್ಟಿದ್ದೂ ಹೌದು ಅನ್ಸುತ್ತೆ ನಂಗೆ. 1991ರಲ್ಲಿ ನಾವು ಚಿನ್ನ ಅಡ ಇಟ್ಟಾಗ ಐಎಂಎಫ್ ಬಾಗ್ಲು ತಟ್ಟೋಕಾದ್ರೂ ನಮಗೆ ದಾರಿ ಇತ್ತು, ಅವ್ರಿಗೆ ಅದೇ ಇಲ್ಲ. ಚೀನಾ ನಾಳೆ ಸಮುದ್ರದಲ್ಲಿ ಹಡಗು ತಡೆದ್ರೆ ಆ ದುಡ್ಡು ಎಷ್ಟು ದಿನ ಬರುತ್ತೆ?

ಇನ್ನೊಂದು ವಿಷ್ಯ, ಇದು ಹೊಸ ಸೀಟಲ್ಲ. 1944ರಲ್ಲಿ ಐಎಂಎಫ್ ಕಟ್ಟೋಕೆ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶ ಕೂತಾಗ ರಿಪಬ್ಲಿಕ್ ಆಫ್ ಚೀನಾನೂ (ಆಗಿನ ಚೀನಾ) ಇತ್ತು, ಆಮೇಲೆ ಅದರ ಸರ್ಕಾರ ತೈವಾನ್‌ನ ತೈಪೆಗೆ ಬಂತು, 1971ರಲ್ಲಿ ವಿಶ್ವಸಂಸ್ಥೆ ಸೀಟ್ ಹೋಯ್ತು, 1980ರಲ್ಲಿ ಐಎಂಎಫ್ ಸೀಟೂ ಬೀಜಿಂಗ್ ಪಾಲಾಯ್ತು. ನಂಗೆ ಜಾಸ್ತಿ ನೋವಾಗೋದು ಇಲ್ಲೇ: ಅದಕ್ಕೆ ಒಂದೇ ವರ್ಷ ಹಿಂದೆ, 1979ರಲ್ಲಿ, ಅಮೆರಿಕ ಮಾಡಿದ ತೈವಾನ್ ರಿಲೇಷನ್ಸ್ ಆಕ್ಟ್‌ನಲ್ಲಿ ಹಣಕಾಸು ಸಂಸ್ಥೆಗಳಿಂದ ತೈವಾನನ್ನ ಹೊರಗೆ ಹಾಕೋಕೆ ಈ ಕಾಯ್ದೆ ಆಧಾರ ಅಲ್ಲ ಅಂತ ಸ್ಪಷ್ಟವಾಗಿ ಬರ್ದಿತ್ತು. ಬರ್ದಿದ್ದಷ್ಟೇ ಬಂತು.

ನೀವಂದ ಈಗಿನ ಮಸೂದೆ, ತೈವಾನ್ ನಾನ್-ಡಿಸ್ಕ್ರಿಮಿನೇಷನ್ ಆಕ್ಟ್, ಕೇಳೋದು ಅಮೆರಿಕ ಐಎಂಎಫ್‌ನಲ್ಲಿ ತೈವಾನ್ ಸದಸ್ಯತ್ವದ ಪರ ಮಾತಾಡ್ಬೇಕು, ಅಲ್ಲಿನ ಜನಕ್ಕೆ ಐಎಂಎಫ್‌ನಲ್ಲಿ ಕೆಲಸ ಸಿಗೋ ಹಾಗೆ, ತಾಂತ್ರಿಕ ನೆರವು ಸಿಗೋ ಹಾಗೆ ನೋಡ್ಬೇಕು ಅಂತ, ಅಷ್ಟೇ. 2024ರ ಜನವರಿಯಲ್ಲಿ ಕೆಳಮನೆಯಲ್ಲಿ ಪಾಸಾಯ್ತು, ಸೆನೆಟ್ ದಾಟದೆ ಬಿದ್ದೋಯ್ತು, 2025ರಲ್ಲಿ ಮತ್ತೆ ಮಂಡಿಸಿದ್ರು. ಪಾಸಾದ್ರೂ ಸೀಟ್ ಗ್ಯಾರಂಟಿ ಇಲ್ಲ, ಅಮೆರಿಕದ ವೋಟು ಶೇ. 16ರ ಆಸುಪಾಸು, ಹೊಸ ಸದಸ್ಯರನ್ನ ಸೇರಿಸೋಕೆ ಬಹುಮತ ಬೇಕು. ಕೆಣಕೋ ಉದ್ದೇಶ ಕೆಲವ್ರಿಗೆ ಇರಬೋದು, ಅದಕ್ಕೆ ತೈಪೆ ಜನರ ಬೇಡಿಕೆ ಸುಳ್ಳಾಗಲ್ಲ.

ಯಾವ ಪ್ರಾಂತ್ಯ ಬೇಕಾದ್ರೂ ಕೇಳುತ್ತೆ ಅಂದ್ರಲ್ಲ, ತನ್ನದೇ ನೋಟು, ತನ್ನದೇ ಸೆಂಟ್ರಲ್ ಬ್ಯಾಂಕ್, ತನ್ನದೇ ಟ್ಯಾಕ್ಸ್, ಬಜೆಟ್, ತಾನೇ ಆರಿಸಿದ ಸರ್ಕಾರ, ಇಷ್ಟೂ ಇರೋ ಪ್ರಾಂತ್ಯ ಎಷ್ಟಿದೆ ಹೇಳಿ? ವಿಶ್ವಸಂಸ್ಥೆ ಸದಸ್ಯ ಅಲ್ಲದ ಕೊಸೊವೊ 2009ರಲ್ಲೇ ಐಎಂಎಫ್ ಸೇರ್ತು. ತೈವಾನ್ ಕೂಡ 2002ರಿಂದ ಡಬ್ಲ್ಯುಟಿಒದಲ್ಲಿದೆ (ವಿಶ್ವ ವ್ಯಾಪಾರ ಸಂಸ್ಥೆ), ದೇಶ ಅಂತಲ್ಲ, ತನ್ನದೇ ಸುಂಕ ಹಾಕೋ ‘ಪ್ರತ್ಯೇಕ ಸುಂಕ ಪ್ರದೇಶ’ ಅಂತ, ಅದೇ ಚೀನಾ ಜೊತೆ ಒಂದೇ ಸಭೇಲಿ ಕೂರುತ್ತೆ.

ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್‌ನಲ್ಲಂತೂ ಅದು 1966ರ ಸ್ಥಾಪಕ ಸದಸ್ಯ. 1986ರಲ್ಲಿ ಚೀನಾ ಸೇರಿದ ಮೇಲೆ ತೈವಾನನ್ನ ಕೇಳದೇನೇ ಅದರ ಹೆಸರನ್ನ ‘ತೈಪೆ, ಚೀನಾ’ ಅಂತ ಬದಲಾಯಿಸಿದ್ರು. ಸಿಟ್ಟಲ್ಲಿ ತೈವಾನ್‌ನವ್ರು ಸ್ವಲ್ಪ ಕಾಲ ಸಭೆಗೆ ಹೋಗ್ಲಿಲ್ಲ, ಆಮೇಲೆ ಆ ಹೆಸರಿಗೆ ಪ್ರತಿಭಟನೆ ದಾಖಲಿಸ್ತಾನೇ ಹೋಗಿ ಕೂತ್ರು. ಇವತ್ತಿಗೂ ಅಲ್ಲಿದಾರೆ.